ನೋಟಿಸು ಬಂತೆಂದರೆ ಮನೆ ಬಿಡಲೇಬೇಕೆ? ತುಮಕೂರಿನ ಬಾಡಿಗೆದಾರರು ತಿಳಿದಿರಬೇಕಾದ ಕಾನೂನು

‘ಈ ನೋಟಿಸು ತಲುಪಿದ 15 ದಿನಗಳ ಒಳಗಾಗಿ ಷೆಡ್ಯೂಲು ಸ್ವತ್ತನ್ನು ತೆರವು ಮಾಡಿ ನನ್ನ ಕಕ್ಷಿದಾರರಿಗೆ ಖಾಲಿ ಸ್ವಾಧೀನ ಬಿಟ್ಟುಕೊಡತಕ್ಕದ್ದು. ತಪ್ಪಿದಲ್ಲಿ ನ್ಯಾಯಾಲಯದಲ್ಲಿ ದಾವೆ ಹೂಡಲಾಗುವುದು, ಅದರ ಖರ್ಚುವೆಚ್ಚಗಳಿಗೆ ನೀವೇ ಹೊಣೆ.’ ವಕೀಲರ ಲೆಟರ್‌ಹೆಡ್ಡಿನಲ್ಲಿ, ಹೆಚ್ಚೂಕಡಿಮೆ ಇದೇ ಧಾಟಿಯಲ್ಲಿ ಬರುವ ಕಾಗದ ಅದು. ಓದಿದ ಮನೆಯಲ್ಲಿ ಅವತ್ತು ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಬರುವುದಿಲ್ಲ. ಮಕ್ಕಳ ಪರೀಕ್ಷೆ, ವಯಸ್ಸಾದವರ ಔಷಧಿ, ಹೊಸ ಮನೆಗೆ ಹೊಂದಿಸಬೇಕಾದ ಅಡ್ವಾನ್ಸ್ ಎಲ್ಲವೂ ಒಟ್ಟಿಗೆ ತಲೆಗೆ ಬರುತ್ತವೆ. ಕೆಲವರು ಹೆದರಿ ಮಾರನೇ ದಿನವೇ ಟು-ಲೆಟ್ ಬೋರ್ಡು ಹುಡುಕಿಕೊಂಡು ಹೊರಡುತ್ತಾರೆ. ಇನ್ನು ಕೆಲವರು ‘ಏನು ಮಾಡಿಬಿಡ್ತಾರೆ ನೋಡೋಣ’ ಎಂದು ಕಾಗದವನ್ನು ಬೀರುವಿನಲ್ಲಿಟ್ಟು ಸುಮ್ಮನಾಗುತ್ತಾರೆ. ಎರಡರಿಂದಲೂ ನಷ್ಟ ಬಾಡಿಗೆದಾರರಿಗೇ.

ವಕೀಲರ ನೋಟಿಸು ಕೋರ್ಟಿನ ಆದೇಶವಲ್ಲ. ಬಾಡಿಗೆ ಕರಾರನ್ನು ಮುಗಿಸುತ್ತಿದ್ದೇನೆ ಎಂದು ಓನರ್ ಲಿಖಿತವಾಗಿ ತಿಳಿಸುವ ಕಾಗದ, ಅಷ್ಟೆ. ನೀವು ಒಪ್ಪಿ ಬೀಗದ ಕೈ ಕೊಟ್ಟರೆ ಅಲ್ಲಿಗೆ ಮುಗಿಯಿತು. ಒಪ್ಪದಿದ್ದರೆ ಓನರ್ ದಾವೆ ಹೂಡಬೇಕು, ಡಿಕ್ರಿ ಅಂದರೆ ಕೋರ್ಟಿನ ತೀರ್ಪಿನ ಆದೇಶ ಪಡೆಯಬೇಕು, ಆ ಡಿಕ್ರಿಯನ್ನು ಅಮಲ್ಜಾರಿಗೆ ಹಾಕಬೇಕು, ಕೊನೆಗೆ ಕೋರ್ಟಿನ ಅಮೀನರು ಬಂದು ಸ್ವಾಧೀನ ಕೊಡಿಸಬೇಕು. ಮನೆ ಅವರದ್ದೇ ಆದರೂ, ಮಾತು ನ್ಯಾಯವೇ ಆದರೂ, ಈ ದಾರಿ ಬಿಟ್ಟು ಬೇರೆ ದಾರಿಯಿಲ್ಲ. ಆದರೆ ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ಇವತ್ತು ತುಮಕೂರಿನ ಬಹುಪಾಲು ಬಾಡಿಗೆದಾರರಿಗೆ ಆ ಮನೆಯಲ್ಲೇ ಉಳಿದುಕೊಳ್ಳುವ ಹಕ್ಕು ಉಳಿದಿಲ್ಲ. ಉಳಿದಿರುವುದು ಮರ್ಯಾದೆಯಿಂದ ಬಿಡಲು ಬೇಕಾದ ಕಾಲಾವಕಾಶದ ಹಕ್ಕು. ನೋಟಿಸಿನ ನಂತರದ ಮೊದಲ ತಿಂಗಳು ಸುಮ್ಮನೆ ಕೂತವರು ಅದನ್ನೂ ಕಳೆದುಕೊಳ್ಳುತ್ತಾರೆ.

ಯಾಕೆ ಹೀಗಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ‘ಹಳೇ ಬಾಡಿಗೆದಾರರನ್ನು ಎಬ್ಬಿಸೋದು ಓನರ್ ಕೈಲಿ ಆಗಲ್ಲ’ ಎಂಬ ಮಾತು ಹಿರಿಯರ ಬಾಯಲ್ಲಿ ಈಗಲೂ ಇದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲಕ್ಕೆ ಆ ಮಾತಿನಲ್ಲಿ ಬಹಳಷ್ಟು ಸತ್ಯವಿತ್ತು. ಅದರ ಜಾಗಕ್ಕೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಂತು, 2001ರ ಡಿಸೆಂಬರ್ 31ರಿಂದ ಜಾರಿಯಾಯಿತು. ಹೊಸ ಕಾಯ್ದೆಯಲ್ಲಿಯೂ ಬಾಡಿಗೆದಾರರನ್ನು ಎಬ್ಬಿಸಬೇಕಾದರೆ ಓನರ್ ಕಾರಣ ತೋರಿಸಬೇಕು: ಬಾಡಿಗೆ ಬಾಕಿ, ಒಳಬಾಡಿಗೆ, ಮನೆಯ ದುರುಪಯೋಗ, ಸ್ವಂತಕ್ಕೆ ಬೇಕಾಗಿದೆ, ಹೀಗೆ. ಬಾಕಿಗೆ ನೋಟಿಸು ಬಂದ ಎರಡು ತಿಂಗಳೊಳಗೆ ಪೂರ್ತಿ ಕಟ್ಟಿದರೆ ಆ ಕಾರಣವೇ ಬಿದ್ದುಹೋಗುತ್ತದೆ. ಒಳ್ಳೆಯ ರಕ್ಷಣೆಯೇ. ಆದರೆ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಈ ಕಾಯ್ದೆ ರಾಜ್ಯದಲ್ಲಿ ಎಲ್ಲಿಯೂ ಅನ್ವಯಿಸುವುದಿಲ್ಲ. ಕಾಯ್ದೆಯ ಮೊದಲ ಪಟ್ಟಿಯ ದೊಡ್ಡ ಊರುಗಳನ್ನು ಬಿಟ್ಟರೆ ಆ ಮಿತಿ ಬರೀ 2,000 ರೂಪಾಯಿ. ಅಂಗಡಿಗಳಲ್ಲಿ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿಗಿಂತ ದೊಡ್ಡವು ಹೊರಗೆ.

ಅಂದಿನ ಲೆಕ್ಕಕ್ಕೆ ಆ ಮೊತ್ತ ಸರಿಯಿತ್ತೇನೋ. ಇವತ್ತು ಎಸ್‌ಐಟಿ ಬಡಾವಣೆಯಲ್ಲಾಗಲಿ ಜಯನಗರದಲ್ಲಾಗಲಿ 3,500 ರೂಪಾಯಿಗೆ ಒಂದು ಸಂಸಾರ ಇರುವಂಥ ಮನೆ ಎಲ್ಲಿ ಸಿಕ್ಕೀತು? ಬೆಂಗಳೂರು 70 ಕಿಲೋಮೀಟರ್ ದೂರ, ಬೆಳಿಗ್ಗೆ ರೈಲು ಹತ್ತಿ ಸಂಜೆ ವಾಪಸಾಗುವವರು ದಿನವೂ ಇದ್ದಾರೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಬಂದವರಿದ್ದಾರೆ, ಕಾಲೇಜುಗಳ ಸುತ್ತ ಹಳೇ ಮನೆ ಕೆಡವಿ ಪಿಜಿ ಕಟ್ಟುವವರಿದ್ದಾರೆ. ಬಾಡಿಗೆ ಮೇಲಕ್ಕೆ ಹೋಗುತ್ತಲೇ ಇದೆ, ಕಾಯ್ದೆಯ ಅಂಕಿ ಮಾತ್ರ ನಿಂತಲ್ಲೇ ನಿಂತಿದೆ. ಅಷ್ಟರಮಟ್ಟಿಗೆ ಬಡವರಿಗೆಂದು ಮಾಡಿದ ಕಾನೂನು ಬಡವರನ್ನೇ ಹೊರಗಿಟ್ಟಿದೆ. ಶಾಸನಸಭೆ ಈ ಮಿತಿಯನ್ನು ಪರಿಷ್ಕರಿಸಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾಯ್ದೆಯ ಹೊರಗೆ ಬಿದ್ದವರಿಗೆ ಅನ್ವಯವಾಗುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ ಪ್ರಕಾರ ಓನರ್ ಕಾರಣ ಹೇಳಬೇಕಾಗಿಯೇ ಇಲ್ಲ. ಮಗನ ಮದುವೆ ಎಂದು ಬರೆದು ಆಮೇಲೆ ಬೇರೆಯವರಿಗೆ ಜಾಸ್ತಿ ಬಾಡಿಗೆಗೆ ಕೊಟ್ಟರೂ ಅದರಿಂದ ದಾವೆ ಬೀಳುವುದಿಲ್ಲ. ಈ ಕಾಯ್ದೆಯ 106ನೇ ಕಲಮಿನಲ್ಲಿ ಎಲ್ಲವೂ ನಿಂತಿದೆ: ಕರಾರಿನಲ್ಲಿ ಬೇರೆ ಅವಧಿ ಇಲ್ಲದಿದ್ದರೆ ವಾಸದ ಮನೆ ಮತ್ತು ಅಂಗಡಿ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ, 15 ದಿನದ ನೋಟಿಸು ಸಾಕು. ಕೃಷಿ ಮತ್ತು ತಯಾರಿಕೆಗೆ ಕೊಟ್ಟ ಜಾಗಕ್ಕೆ ಆರು ತಿಂಗಳು. ಹಾಗಾಗಿ ಮೊದಲು ಹುಡುಕಬೇಕಾದ್ದು ನಿಮ್ಮ ಅಗ್ರಿಮೆಂಟ್. ಅದರಲ್ಲಿ ಎರಡು ತಿಂಗಳು ಅಥವಾ ಮೂರು ತಿಂಗಳು ಮುಂಚೆ ತಿಳಿಸಬೇಕು ಎಂದು ಬರೆದಿದ್ದರೆ ನಡೆಯುವುದು ಅದೇ, 15 ದಿನವಲ್ಲ.

11 ತಿಂಗಳ ಅಗ್ರಿಮೆಂಟ್ ಬಗ್ಗೆಯೂ ಒಂದು ಮಾತು. ಒಂದು ವರ್ಷ ಮೀರಿದ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಅದನ್ನು ತಪ್ಪಿಸಲೆಂದೇ ಎಲ್ಲರೂ 11 ತಿಂಗಳು ಬರೆಸುತ್ತಾರೆ. ಅವಧಿ ಮುಗಿದ ದಿನ ಕರಾರು ತಾನಾಗಿಯೇ ಮುಗಿಯುತ್ತದೆ, ನೋಟಿಸು ಬೇಕಿಲ್ಲ. ಆದರೆ ಮುಗಿದ ಮೇಲೂ ನೀವು ಅಲ್ಲೇ ಇದ್ದು, ಓನರ್ ಒಪ್ಪಿ ಬಾಡಿಗೆ ತೆಗೆದುಕೊಳ್ಳುತ್ತಾ ಬಂದಿದ್ದರೆ ಅದು ಮತ್ತೆ ತಿಂಗಳ ಬಾಡಿಗೆಯಾಗುತ್ತದೆ, ಆಗ ನೋಟಿಸು ಬೇಕು. ಅಗ್ರಿಮೆಂಟೇ ಇಲ್ಲ, ಬರೀ ಬಾಯಿಮಾತಿನಲ್ಲಿ ಹತ್ತು ವರ್ಷದಿಂದ ಇದ್ದೇವೆ ಎನ್ನುವವರೂ ಧೈರ್ಯಗೆಡಬೇಕಿಲ್ಲ. ಫೋನ್‌ಪೇಯಲ್ಲಿ ಕಳಿಸಿದ ಬಾಡಿಗೆ, ಬೆಸ್ಕಾಂ ಬಿಲ್ಲು, ಗ್ಯಾಸ್ ಪುಸ್ತಕ, ಮತದಾರರ ಚೀಟಿ, ಗೃಹಜ್ಯೋತಿಗೆ ಜೋಡಿಸಿದ ಆಧಾರ್, ಇವೆಲ್ಲ ನೀವು ಬಾಡಿಗೆದಾರರು ಎಂಬುದಕ್ಕೆ ಸಾಕ್ಷಿ. ಬಾಡಿಗೆಯನ್ನು ಕೈಯಲ್ಲಿ ಕೊಟ್ಟು ರಸೀದಿ ಪಡೆಯದೇ ಇದ್ದವರಿಗೆ ಮಾತ್ರ ಕಷ್ಟ. ಅಂಥವರು ಈ ತಿಂಗಳಿಂದಲೇ ಬ್ಯಾಂಕ್ ಮೂಲಕ ಕೊಡಲು ಶುರುಮಾಡಬೇಕು.

ನೋಟಿಸಿನಲ್ಲಿ ತಪ್ಪು ಹುಡುಕಿ ಗೆಲ್ಲುವ ಕಾಲ ಬಹುಮಟ್ಟಿಗೆ ಮುಗಿದಿದೆ. ಮೊದಲೆಲ್ಲ ನೋಟಿಸಿನ ಅವಧಿ ಬಾಡಿಗೆ ತಿಂಗಳ ಕೊನೆಗೇ ಮುಗಿಯಬೇಕಿತ್ತು, ಒಂದು ದಿನ ಹಿಂದುಮುಂದಾದರೂ ದಾವೆ ವಜಾ ಆಗುತ್ತಿತ್ತು. 2002ರ ಡಿಸೆಂಬರ್‌ನಿಂದ ಜಾರಿಗೆ ಬಂದ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈಗ ಕಾನೂನು ಹೇಳಿದಷ್ಟು ದಿನ ಕಳೆದ ಮೇಲೆ ದಾವೆ ಹೂಡಿದ್ದರೆ ಸಾಕು, ನೋಟಿಸಿನಲ್ಲಿ ದಿನ ಕಡಿಮೆ ಬರೆದಿದ್ದರೂ ಅದೊಂದೇ ಕಾರಣಕ್ಕೆ ನೋಟಿಸು ಅಸಿಂಧುವಾಗದು. ಅವಧಿ ಎಣಿಕೆಯಾಗುವುದು ನಿಮ್ಮ ಕೈಗೆ ತಲುಪಿದ ದಿನದಿಂದ. ಆದ್ದರಿಂದ ಕವರ್ ಎಸೆಯಬೇಡಿ, ಅದರ ಮೇಲಿನ ಅಂಚೆ ಮುದ್ರೆ ನಿಮಗೇ ಬೇಕು. ಅಂಚೆಯವರು ತಂದಾಗ ‘ನಾವು ತಗೊಳ್ಳಲ್ಲ’ ಎಂದು ವಾಪಸ್ ಕಳಿಸುವುದು ಇನ್ನೂ ದೊಡ್ಡ ತಪ್ಪು. ನಿರಾಕರಿಸಿದರು ಎಂದು ಅಂಚೆಯವರು ಬರೆದರೆ ಕೋರ್ಟು ಅದನ್ನು ತಲುಪಿದ ನೋಟಿಸೆಂದೇ ಎಣಿಸುತ್ತದೆ. ಒಳಗೇನಿತ್ತು ಎಂಬುದು ಮಾತ್ರ ನಿಮಗೆ ಗೊತ್ತಾಗದೇ ಉಳಿಯುತ್ತದೆ.

ಉತ್ತರ ಕೊಡಲೇಬೇಕು. ಕೊಡದಿದ್ದರೆ ಶಿಕ್ಷೆಯೇನಿಲ್ಲ, ಆದರೆ ನೋಟಿಸಿನಲ್ಲಿ ಬರೆದದ್ದನ್ನೆಲ್ಲ ನೀವು ಒಪ್ಪಿದಿರಿ ಎಂದು ಮುಂದೆ ವಾದಿಸಲು ಅವಕಾಶವಾಗುತ್ತದೆ. ಆರು ತಿಂಗಳ ಬಾಡಿಗೆ ಬಾಕಿ ಎಂದು ಬರೆದಿದ್ದಾರೆ, ನೀವು ತಿಂಗಳು ತಿಂಗಳೂ ಕಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಅದನ್ನು ಈಗಲೇ ತಾರೀಖು ಸಮೇತ ಬರೆದು ಕಳಿಸಿದರೆ ಎರಡು ವರ್ಷದ ಮೇಲೆ ಕಟಕಟೆಯಲ್ಲಿ ಹೇಳುವ ಮಾತಿಗೆ ಬೆಲೆ ಇರುತ್ತದೆ. ಅಡ್ವಾನ್ಸ್ ಎಷ್ಟು ಕೊಟ್ಟಿದ್ದೀರಿ, ಯಾವತ್ತು, ಹೇಗೆ ಎಂಬುದೂ ಉತ್ತರದಲ್ಲಿರಲಿ. ಮನೆ ನಿಮ್ಮದಲ್ಲವೇ ಅಲ್ಲ ಎಂದು ಓನರ್ ಹಕ್ಕನ್ನೇ ಪ್ರಶ್ನಿಸುವಂತೆ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಯಾರಿಂದ ಬಾಡಿಗೆಗೆ ಪಡೆದಿರೋ ಅವರ ಮಾಲೀಕತ್ವವನ್ನು ಅಲ್ಲಗಳೆಯಲು ಬಾಡಿಗೆದಾರರಿಗೆ ಸಾಕ್ಷ್ಯ ಕಾನೂನು ಬಿಡುವುದಿಲ್ಲ. ಮನೆ ಮಾರಾಟವಾಗಿ ಹೊಸ ಓನರ್ ನೋಟಿಸು ಕೊಟ್ಟಿದ್ದರೆ ಕ್ರಯಪತ್ರದ ನಕಲು ಕೇಳಬಹುದು. ಮಾರಾಟದ ಸುದ್ದಿ ತಿಳಿಯುವ ಮುಂಚೆ ಹಳೆಯವರಿಗೆ ಕೊಟ್ಟ ಬಾಡಿಗೆಯನ್ನು ಹೊಸಬರು ಮತ್ತೆ ಕೇಳುವಂತಿಲ್ಲ.

ಬಾಡಿಗೆ ನಿಲ್ಲಿಸಬೇಡಿ. ಸಿಟ್ಟಿನಲ್ಲಿ ಬಹಳ ಜನ ಮಾಡುವ ಕೆಲಸ ಇದು, ‘ಅಡ್ವಾನ್ಸಲ್ಲಿ ಮುರ್ಕೊಳ್ಳಿ’ ಎಂದುಬಿಡುತ್ತಾರೆ. ಓನರ್ ಒಪ್ಪದೆ ಹಾಗೆ ಮಾಡಿದರೆ ಬಾಕಿದಾರರೆಂಬ ಹೆಸರು ಬರುತ್ತದೆ, ಕೋರ್ಟಿನ ಮುಂದೆ ಮೊದಲು ಕಾಣುವುದೂ ಅದೇ. ಓನರ್ ಬಾಡಿಗೆ ತೆಗೆದುಕೊಳ್ಳದಿದ್ದರೆ ಅವರ ಖಾತೆಗೆ ಹಾಕಿ, ಖಾತೆ ಗೊತ್ತಿಲ್ಲದಿದ್ದರೆ ಮನಿ ಆರ್ಡರ್ ಮಾಡಿ, ವಾಪಸ್ ಬಂದರೂ ಚೀಟಿ ಇಟ್ಟುಕೊಳ್ಳಿ. ನೋಟಿಸಿನ ನಂತರ ಬಾಡಿಗೆ ಸ್ವೀಕರಿಸಿದರೆ ನೋಟಿಸು ರದ್ದಾದಂತೆ ಎಂದು ಕೆಲವರು ನಂಬಿದ್ದಾರೆ. ಅದು ಅಷ್ಟು ಸಲೀಸಲ್ಲ. ಓನರ್ ದಾವೆ ಮುಂದುವರಿಸುತ್ತಾ ಬಾಡಿಗೆ ತೆಗೆದುಕೊಂಡ ಮಾತ್ರಕ್ಕೆ ನೋಟಿಸು ಬಿಟ್ಟುಕೊಟ್ಟಂತಲ್ಲ ಎಂದು ಸರೂಪ್ ಸಿಂಗ್ ಗುಪ್ತಾ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಬೀಗ ಒಡೆಯುವ, ಸಾಮಾನು ಬೀದಿಗೆ ಹಾಕುವ, ನೀರಿನ ವಾಲ್ವ್ ತಿರುಗಿಸುವ, ಫ್ಯೂಸ್ ಕೀಳುವ ವಿಷಯ. ಇದು ಯಾವ ಕಾನೂನಿನಲ್ಲಿಯೂ ಇಲ್ಲ. ಬಾಡಿಗೆ ಅವಧಿ ಮುಗಿದಿದ್ದರೂ ಸ್ವಾಧೀನದಲ್ಲಿರುವವರನ್ನು ಕಾನೂನಿನ ಕ್ರಮವಿಲ್ಲದೆ ಹೊರಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರ ಕೃಷ್ಣ ರಾಮ್ ಮಹಾಲೆ ಪ್ರಕರಣದಲ್ಲಿ ಹೇಳಿತು, ನಮ್ಮ ರಾಜ್ಯದಿಂದಲೇ ಹೋದ ರಾಮೇಗೌಡ ಪ್ರಕರಣದಲ್ಲಿ 2004ರ ಸುಮಾರಿಗೆ ಮತ್ತೆ ಹೇಳಿತು. ವಿದ್ಯುತ್ ಮೂಲಭೂತ ಸೌಕರ್ಯ, ಓನರ್ ಒಪ್ಪಿಗೆ ಪತ್ರ ಕೊಡಲಿಲ್ಲವೆಂದು ಬಾಡಿಗೆದಾರರಿಗೆ ಅದನ್ನು ತಪ್ಪಿಸುವಂತಿಲ್ಲ ಎಂದು 2022ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಅಂಥ ಬೆದರಿಕೆ ಕಂಡರೆ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬಹುದು. ಈಗಾಗಲೇ ಹೊರಹಾಕಿದ್ದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಸ್ವಾಧೀನ ವಾಪಸ್ ಪಡೆಯಬಹುದು, ಅಲ್ಲಿ ಮಾಲೀಕರು ಯಾರು ಎಂಬ ಪ್ರಶ್ನೆಯೇ ಬರುವುದಿಲ್ಲ. ಆದರೆ ಹೊರಹಾಕಿದ ಆರು ತಿಂಗಳೊಳಗೆ ದಾವೆ ಹೂಡಬೇಕು, ಆಮೇಲೆ ಆ ಬಾಗಿಲು ಮುಚ್ಚುತ್ತದೆ. ಠಾಣೆಗೆ ಹೋದರೆ ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’ ಎನ್ನುವ ಉತ್ತರ ಸಾಮಾನ್ಯ. ಮನೆ ಖಾಲಿ ಮಾಡಿಸುವುದು ಸಿವಿಲ್ ವಿಷಯ, ನಿಜ. ಮನೆಗೆ ನುಗ್ಗುವುದು, ದಾರಿ ತಡೆಯುವುದು, ಬೆದರಿಸುವುದು ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧ. ದೂರಿನಲ್ಲಿ ಬಾಡಿಗೆ ಜಗಳದ ಕತೆ ಬಿಟ್ಟು ಆ ದಿನ, ಆ ಹೊತ್ತು, ಯಾರು ಏನು ಮಾಡಿದರು ಎಂಬುದನ್ನೇ ಬರೆಯಬೇಕು. ತುರ್ತಿಗೆ 112ಕ್ಕೆ ಕರೆ ಮಾಡಿದರೆ ಕರೆ ಬಂದ ಹೊತ್ತೂ ದಾಖಲಾಗುತ್ತದೆ.

ದಾವೆ ಹೂಡಿದರು ಎನ್ನಿ. ಸಮನ್ಸ್ ತಲುಪಿದ 30 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು, ಕಾರಣ ತೋರಿಸಿದರೆ 90 ದಿನದವರೆಗೆ ಅವಕಾಶ ಸಿಗಬಹುದು. ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿ. ಬಾಕಿಯ ಕಾರಣಕ್ಕೆ ಕರಾರು ರದ್ದಾಗಿದೆ ಎಂದು ದಾವೆ ಬಂದಿದ್ದರೆ ಬಾಕಿ, ಬಡ್ಡಿ, ಖರ್ಚು ಎಲ್ಲ ಕಟ್ಟಿ ಕರಾರನ್ನು ಉಳಿಸಿಕೊಡಿ ಎಂದು 1882ರ ಕಾಯ್ದೆಯ 114ನೇ ಕಲಮಿನಡಿ ಕೇಳಬಹುದು, ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ. ಕೇಸು ಎಳೆದಷ್ಟೂ ಲಾಭ ಎಂಬ ಲೆಕ್ಕಾಚಾರ ಮಾತ್ರ ಅಪಾಯದ್ದು. ನೋಟಿಸಿನ ಅವಧಿ ಮುಗಿದ ದಿನದಿಂದ ಮನೆ ಬಿಡುವ ದಿನದವರೆಗೆ ಮಾರುಕಟ್ಟೆ ದರದಲ್ಲಿ ಪರಿಹಾರ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. 6,000 ಬಾಡಿಗೆಯ ಮನೆಗೆ ಸುತ್ತಮುತ್ತ 10,000 ನಡೆಯುತ್ತಿದ್ದರೆ ಮೂರು ವರ್ಷದ ವ್ಯತ್ಯಾಸವೇ 1,44,000 ರೂಪಾಯಿ. ಹೋರಾಡುವಂಥ ನಿಜವಾದ ತಕರಾರು ಇಲ್ಲದಿದ್ದರೆ ಮೊದಲ ವಾಯಿದೆಗಳಲ್ಲೇ ರಾಜಿ ಕೇಳುವುದು ಒಳ್ಳೆಯದು. ಶಾಲೆ ಮುಗಿಯುವ ತನಕ, ಹೆರಿಗೆ ಆಗುವ ತನಕ ಎಂದು ನಿರ್ದಿಷ್ಟ ದಿನ ಹೇಳಿ, ಅವತ್ತು ಬಿಡುತ್ತೇನೆ ಎಂದು ಪ್ರಮಾಣಪತ್ರ ಬರೆದುಕೊಟ್ಟರೆ ಮೂರು ತಿಂಗಳೋ ಆರು ತಿಂಗಳೋ ಸಿಗುವುದುಂಟು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದಕ್ಕೆ ಮೇಲ್ಮನವಿ ಇಲ್ಲ, ಇಬ್ಬರಿಗೂ ಅಲ್ಲಿಗೆ ಮುಗಿಯಿತು. ಓನರ್ ಕಡೆಯನ್ನೂ ನೋಡಬೇಕು. ಶೆಟ್ಟಿಹಳ್ಳಿಯಲ್ಲಿ ಒಂದೇ ಮನೆ ಕಟ್ಟಿಸಿ ಅದರ ಬಾಡಿಗೆಯಲ್ಲೇ ಬದುಕುವ ನಿವೃತ್ತರೂ, ಗಂಡನಿಲ್ಲದ ಹೆಣ್ಣುಮಕ್ಕಳೂ ಓನರ್‌ಗಳೇ. ಅವರನ್ನು ವರ್ಷಗಟ್ಟಲೆ ಕೋರ್ಟಿಗೆ ಅಲೆಸುವುದು ನ್ಯಾಯವಲ್ಲ.

ಇಷ್ಟೆಲ್ಲಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುವುದು ಭೋಗ್ಯದ ಮನೆಗಳು. ಐದು ಲಕ್ಷ, ಎಂಟು ಲಕ್ಷ ಒಟ್ಟಿಗೆ ಕೊಟ್ಟು ಮೂರು ವರ್ಷಕ್ಕೆಂದು ಮನೆ ಹಿಡಿಯುವುದು ನಮ್ಮೂರಲ್ಲಿ ಮಾಮೂಲು. ಆ ಹಣ ಸಾಮಾನ್ಯವಾಗಿ ಮಾರಿದ ಜಮೀನಿನದ್ದೋ ಒಡವೆ ಅಡವಿಟ್ಟದ್ದೋ ಆಗಿರುತ್ತದೆ. ಪತ್ರ ಮಾತ್ರ ನೂರೋ ಇನ್ನೂರೋ ರೂಪಾಯಿಯ ಛಾಪಾ ಕಾಗದದಲ್ಲಿ, ನೋಟರಿ ಮೊಹರಿನೊಂದಿಗೆ. ಈಗ ಒಂದು ಬೆಳಿಗ್ಗೆ ಗೇಟಿನ ಮೇಲೆ ಬ್ಯಾಂಕಿನ ಸ್ವಾಧೀನ ನೋಟಿಸು ಅಂಟಿಸಿದ್ದಾರೆ, ಓನರ್ ಫೋನ್ ಸ್ವಿಚ್ ಆಫ್ ಆಗಿದೆ ಎಂದುಕೊಳ್ಳಿ. ಇದು ಓನರ್ ಕೊಡುವ ನೋಟಿಸಿನಂಥದ್ದಲ್ಲ. ಸಾಲ ಕಟ್ಟದವರ ಅಡಮಾನದ ಸ್ವತ್ತನ್ನು ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಕೋರ್ಟಿನ ಡಿಕ್ರಿ ಇಲ್ಲದೆಯೇ ವಶಕ್ಕೆ ಪಡೆಯಬಹುದು. ಮೊದಲು ಸಾಲಗಾರರಿಗೆ 60 ದಿನದ ನೋಟಿಸು, ಆಮೇಲೆ ಬಾಗಿಲಿಗೆ ಅಂಟಿಸಿ ಪತ್ರಿಕೆಯಲ್ಲಿ ಪ್ರಕಟಿಸುವ ಸ್ವಾಧೀನ ನೋಟಿಸು, ನಂತರ ಜಿಲ್ಲಾ ಮ್ಯಾಜಿಸ್ಟ್ರೇಟರಾದ ಜಿಲ್ಲಾಧಿಕಾರಿಗಳ ಆದೇಶ ಪಡೆದು ನಿಜವಾದ ತೆರವು. 60 ದಿನದ ನೋಟಿಸು ಹೋಗುವುದು ಓನರ್‌ಗೆ. ಒಳಗಿರುವವರಿಗೆ ಮೊದಲು ಕಾಣುವುದು ಗೇಟಿನ ಕಾಗದ.

ಇಲ್ಲಿ ಸಿವಿಲ್ ಕೋರ್ಟಿಗೆ ಓಡಿದರೆ ಪ್ರಯೋಜನವಿಲ್ಲ, ಆ ಕಾಯ್ದೆಯ 34ನೇ ಕಲಮು ತಡೆಯಾಜ್ಞೆ ಕೊಡುವುದನ್ನೇ ನಿರ್ಬಂಧಿಸಿದೆ. ಹೋಗಬೇಕಾದ್ದು ಬೆಂಗಳೂರಿನಲ್ಲಿರುವ ಸಾಲ ವಸೂಲಾತಿ ನ್ಯಾಯಮಂಡಳಿಗೆ, 45 ದಿನದೊಳಗೆ. 2016ರ ತಿದ್ದುಪಡಿಯಿಂದ ಬಾಡಿಗೆದಾರರ ಹಕ್ಕನ್ನೂ ಆ ಮಂಡಳಿ ಪರಿಶೀಲಿಸಬಹುದು. ಅಲ್ಲಿ ಕೇಳುವ ಪ್ರಶ್ನೆ ಎರಡೇ: ನೀವು ಮನೆ ಹಿಡಿದದ್ದು ಅಡಮಾನಕ್ಕೆ ಮುಂಚೆಯೋ ಆಮೇಲೋ? ಪತ್ರ ನೋಂದಣಿಯಾಗಿದೆಯೋ ಇಲ್ಲವೋ? ನೋಂದಣಿಯಾಗದ ಪತ್ರ ತೋರಿಸಿ ಒಂದು ವರ್ಷಕ್ಕಿಂತ ಹೆಚ್ಚಿನ ಹಕ್ಕು ಕೇಳಲಾಗದು ಎಂದು 2019ರ ಬಜರಂಗ್ ಶ್ಯಾಮಸುಂದರ್ ಅಗರ್ವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅಲ್ಲಿಗೆ ನೋಟರಿ ಪತ್ರದವರಿಗೆ ಉಳಿಯುವುದು ಓನರ್ ಮೇಲೆ ಹಣ ವಸೂಲಿಯ ದಾವೆ, ಅದಕ್ಕೂ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಹಾಗಾಗಿ ಈಗಾಗಲೇ ಭೋಗ್ಯದಲ್ಲಿ ಇರುವವರು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಆ ಸ್ವತ್ತಿನ ಇಸಿ (ಋಣಭಾರ ಪತ್ರ) ತೆಗೆಸಿ ಸಾಲವಿದೆಯೇ ಎಂದು ಇವತ್ತೇ ನೋಡಬೇಕು. ಕರಾರು ನವೀಕರಿಸುವ ಹೊತ್ತಿಗೆ ನೋಂದಣಿಗೆ ಪಟ್ಟು ಹಿಡಿಯಬೇಕು. ‘ಖರ್ಚು ಜಾಸ್ತಿ’ ಎನ್ನುತ್ತಾರೆ, ಎಂಟು ಲಕ್ಷದ ಮುಂದೆ ಅದು ಜಾಸ್ತಿಯಲ್ಲ.

ಮಹಾನಗರ ಪಾಲಿಕೆಯ ಮಳಿಗೆಗಳಿಗೆ ಬರುವ ತೆರವು ನೋಟಿಸು ಮೂರನೇ ಬಗೆ. ಅದಕ್ಕೆ 1974ರ ಸಾರ್ವಜನಿಕ ಆವರಣಗಳ ಕಾಯ್ದೆ ಇದೆ. ಕಾರಣ ಕೇಳಿದ ನೋಟಿಸಿಗೆ ಹೇಳಿದ ದಿನದೊಳಗೆ ಉತ್ತರ ಕೊಡಬೇಕು, ಆದೇಶದ ಮೇಲೆ ಜಿಲ್ಲಾ ನ್ಯಾಯಾಧೀಶರ ಮುಂದೆ ಮೇಲ್ಮನವಿ ಉಂಟು. ದಿನಗಳು ತೀರ ಕಡಿಮೆ, ತಡ ಮಾಡದೆ ವಕೀಲರನ್ನು ಕಾಣಬೇಕು.

ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ‘ಹೊಸ ಬಾಡಿಗೆ ನಿಯಮ’ದ ಸಂದೇಶಗಳನ್ನು ನಂಬಿ ಉತ್ತರ ಬರೆಯಬೇಡಿ. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಎಂಬುದು 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಮಾತು. ಹೆಸರೇ ಹೇಳುವಂತೆ ಅದು ಮಾದರಿ, ರಾಜ್ಯದ ಶಾಸನಸಭೆ ಕಾನೂನು ಮಾಡಿದರೆ ಮಾತ್ರ ಇಲ್ಲಿ ಜಾರಿಯಾಗುತ್ತದೆ.

ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಶಿರಾ, ತಿಪಟೂರು, ಮಧುಗಿರಿಯಂಥ ತಾಲ್ಲೂಕುಗಳಲ್ಲಿ ತಾಲ್ಲೂಕು ಸಮಿತಿಗಳಿವೆ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೇಳಬಹುದು. ಸಹಾಯವಾಣಿ 15100. ಎಷ್ಟೋ ಮನೆಗಳಲ್ಲಿ ಅಗ್ರಿಮೆಂಟ್ ಗಂಡನ ಹೆಸರಲ್ಲಿರುತ್ತದೆ, ಮನೆ ಹೋಗುವ ಕಷ್ಟ ಹೆಂಡತಿ ಮಕ್ಕಳ ಮೇಲೆ ಬೀಳುತ್ತದೆ. ಅಂಥ ಹೆಂಗಸರು ತಾವೇ ಹೋಗಿ ವಿಚಾರಿಸಬೇಕು.

ಕೊನೆಗೆ ಬಿಡುವುದೆಂದು ಒಪ್ಪಂದವಾದರೆ ಬೀಗದ ಕೈ ಮತ್ತು ಅಡ್ವಾನ್ಸ್ ಒಂದೇ ದಿನ, ಎದುರುಬದುರು ಕೈ ಬದಲಾಗಲಿ. ಅಡ್ವಾನ್ಸ್ ಕೊಡುವ ತನಕ ಬಿಡೆನು ಎಂಬುದು ಕೋರ್ಟಿನಲ್ಲಿ ಗಟ್ಟಿ ವಾದವಲ್ಲ, ಆದರೆ ರಾಜಿಪತ್ರದಲ್ಲಿ ಅದನ್ನೇ ಷರತ್ತಾಗಿ ಬರೆಸಿಕೊಳ್ಳಬಹುದು. ಬಣ್ಣ ಮಾಸಿದ್ದಕ್ಕೆ, ನಲ್ಲಿ ಸವೆದದ್ದಕ್ಕೆ ಹಣ ಮುರಿದುಕೊಳ್ಳುವಂತಿಲ್ಲ. ದಿನನಿತ್ಯದ ಬಳಕೆಯ ಸವಕಳಿಗೆ ಬಾಡಿಗೆದಾರರು ಹೊಣೆಯಲ್ಲವೆಂದು 1882ರ ಕಾಯ್ದೆಯೇ ಹೇಳುತ್ತದೆ, ಕರಾರಿನಲ್ಲಿ ಪೇಂಟಿಂಗ್ ಖರ್ಚೆಂದು ಒಪ್ಪಿ ಸಹಿ ಹಾಕಿದ್ದರೆ ಮಾತ್ರ ಬೇರೆ. ಖಾಲಿ ಮನೆಯ ಪ್ರತಿ ಕೋಣೆಯ, ಮೀಟರ್ ರೀಡಿಂಗಿನ ಫೋಟೋ ತೆಗೆದುಕೊಳ್ಳಿ. ಬೀಗದ ಕೈ ತಲುಪಿತು, ಬಾಕಿ ಏನೂ ಇಲ್ಲ ಎಂದು ಓನರ್ ಕೈಯಿಂದ ಎರಡು ಸಾಲು ಬರೆಸಿ ತಾರೀಖಿನ ಸಮೇತ ಸಹಿ ಮಾಡಿಸಿಕೊಳ್ಳಿ. ಗೃಹಜ್ಯೋತಿಯಲ್ಲಿ ನಿಮ್ಮ ಆಧಾರ್ ಆ ಮನೆಯ ಮೀಟರಿಗೆ ಜೋಡಣೆಯಾಗಿರುತ್ತದೆ. ಅದನ್ನು ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ಮಾಡಿ, ಹೊಸ ಮನೆಯ ಖಾತೆ ಸಂಖ್ಯೆಗೆ ಮತ್ತೆ ಜೋಡಿಸಬೇಕು.